ಮೋಜ್‌ಪುರಿಗೆ ಹೊಸದೇನು ಬೇಕು?

ತನ್ನ ಫೈಲಿನ ಮೇಲೆ ವಿನೋದಿನಿಯಕ್ಕ ಕಾಫಿ ಲೋಟ ಇಟ್ಟದ್ದನ್ನು ದೇವಾನಂದ ಸಾಯುವವರೆಗೂ ಮರೆಯುವವನಲ್ಲ. ಆಕೆ ಸಿಟ್ಟಿನಿಂದ ಇಟ್ಟದ್ದಲ್ಲ, ಬೇಕೆಂದೂ ಅಲ್ಲ. ಮೇಜಿನ ಮೇಲೆ ಬೇರೆ ಜಾಗ ಇರಲಿಲ್ಲ, ಇಟ್ಟರು, ಅಷ್ಟೆ. ಅವನಿಗೆ ಹೊಟ್ಟೆ ಉರಿದದ್ದು ಅದಕ್ಕೇ. ನಾಲ್ಕು ತಿಂಗಳು ಕೂತು ಮಾಡಿಸಿದ ಯೋಜನೆ, ಬಣ್ಣದ ಚಿತ್ರಗಳು, ನಕ್ಷೆಗಳು, ಮೇಲೆ ಕಪ್ಪು ರೆಕ್ಸಿನ್ ಹೊದಿಕೆ. ಎಲ್ಲಾ ಸೇರಿ ಕೊನೆಗೆ ಒಂದು ಲೋಟಕ್ಕೆ ಆಸರೆ ಆಯಿತು.

ಚೆಂಬೂರಿನಲ್ಲಿ ವಿನೋದಿನಿಯಕ್ಕನ ಹೋಟೆಲಿನ ಮೇಲಿನ ಮಹಡಿಯಲ್ಲಿ ಆಕೆಯ ಆಫೀಸು. ಭಾಯಂದರ್ ಆಚೆ ಸಮುದ್ರದ ನೀರು ಒಳನುಗ್ಗುವ ಖಾರಿಯ ದಡದಲ್ಲಿರುವ 'ಮೋಜ್‌ಪುರಿ' ಪಾರ್ಕನ್ನು ಆಕೆಯ ಗಂಡ ಮೂವತ್ತು ವರ್ಷದ ಹಿಂದೆ ಕಟ್ಟಿಸಿದ್ದರು. ಈಗ ಗಂಡ ಇಲ್ಲ, ಪಾರ್ಕು ಆಕೆಯದು. ದೇವಾನಂದ ಅದರ ಮ್ಯಾನೇಜರ್ ಆಗಿ ಆರು ವರ್ಷ.

"ಅಕ್ಕಾ, ಹೊಸ ಆಕರ್ಷಣೆ ಇಲ್ಲದಿದ್ದರೆ ಪಾರ್ಕು ಉಳಿಯುವುದಿಲ್ಲ," ಅಂದಿದ್ದ ಅವನು. "ಆ ಹಳೇ ಭೂತ್ ಬಂಗಲೆ ನೋಡಲಿಕ್ಕೆ ಈ ಕಾಲದಲ್ಲಿ ಯಾರು ಬರ್ತಾರೆ?"

"ಬರ್ತಾರಲ್ಲ ಮಾರಾಯ! ಭಾನುವಾರ ಕ್ಯೂ ಗೇಟಿನವರೆಗೆ ಉಂಟು. ತಾವು ಚಿಕ್ಕವರಿರುವಾಗ ಹೆದರಿದ ಜಾಗಕ್ಕೆ ಈಗ ಮಕ್ಕಳನ್ನು ಕರ್ಕೊಂಡು ಬರ್ತಾರೆ. ನೀನು ಒಂದು ಸಲವಾದರೂ ಅದರ ಗಾಡಿಯಲ್ಲಿ ಕೂತದ್ದುಂಟಾ?"

"ಥರ್ಮೋಕೋಲಿನ ಬುರುಡೆ ನೋಡಲಿಕ್ಕೆ ನಾನು ಕೂರಬೇಕಾ ಅಕ್ಕಾ?"

"ಒಂದು ಸಲ ಕೂತು ನೋಡು. ಆಮೇಲೆ ಮಾತಾಡುವ." ಆಕೆ ಲೋಟ ಎತ್ತಿ ಒಂದು ಗುಟುಕು ಕುಡಿದು ಮತ್ತೆ ಅಲ್ಲೇ ಇಟ್ಟರು. "ಆ ಬಂಗಲೆ ತಾನಾಗಿ ನಿಂತ ದಿನ ನಿನ್ನ ಹೊಸತು ತರುವ. ಅಲ್ಲಿವರೆಗೆ ಬೇಡ."

ತಾನಾಗಿ ನಿಂತ ದಿನ! ಲೋಕಲ್ ರೈಲಿನಲ್ಲಿ ನೇತಾಡುತ್ತ ಮನೆಗೆ ಹೋಗುವಾಗ ದೇವಾನಂದನ ತಲೆಯಲ್ಲಿ ಇದೊಂದೇ ಮಾತು ಸುತ್ತುತ್ತಿತ್ತು. ದಾದರ್ ಬರುವಷ್ಟರಲ್ಲಿ ಅವಮಾನ ಅರ್ಧ ಇಳಿದಿತ್ತು, ಬೋರಿವಲಿ ಬರುವಷ್ಟರಲ್ಲಿ ಖುಷಿಯೇ ಆಗಿತ್ತು. ನಿಂತರೆ ಸಾಕು. ತಾನಾಗಿ ನಿಂತಿತೋ, ಯಾರಾದರೂ ನಿಲ್ಲಿಸಿದರೋ ಎಂದು ಹೋಟೆಲಿನ ಗಲ್ಲಾದಲ್ಲಿ ಕೂರುವ ಹೆಂಗಸಿಗೆ ಏನು ಗೊತ್ತಾಗಬೇಕು?

ಬಾಂದ್ರಾದಲ್ಲಿ ಹಿತೇಶ್ ಎಂಬವನ ಕಂಪನಿ ಇತ್ತು. ಕಣ್ಣಿಗೊಂದು ಡಬ್ಬಿ ಕಟ್ಟಿಕೊಂಡು, ಕೂತಲ್ಲೇ ಮಂಗಳ ಗ್ರಹ ಸುತ್ತಿ ಬರುವ ದೊಡ್ಡ ಹಾಲನ್ನು ಅವರು ಕಟ್ಟಿಕೊಡುತ್ತಿದ್ದರು. ಅದು ಮೋಜ್‌ಪುರಿಗೆ ಬಂದರೆ ಅದಕ್ಕೆ ದೇವಾನಂದನೇ ಡೈರೆಕ್ಟರ್ ಎಂದು ಹಿತೇಶ್ ಮಾತು ಕೊಟ್ಟಿದ್ದ. ಮಾತೇನು, ವಿಸಿಟಿಂಗ್ ಕಾರ್ಡನ್ನೇ ಅಚ್ಚು ಹಾಕಿಸಿ ಒಂದು ಪ್ರತಿ ಕೈಗಿಟ್ಟಿದ್ದ. ದೇವಾನಂದ ಅದನ್ನು ಪಾಕೀಟಿನಲ್ಲಿ, ದೇವರ ಚಿತ್ರದ ಹಿಂದೆ ಇಟ್ಟುಕೊಂಡಿದ್ದ. ದಿನಕ್ಕೆರಡು ಸಲ ದೇವರನ್ನು ಸರಿಸಿ ಕಾರ್ಡು ನೋಡುತ್ತಿದ್ದ.

ಅಡ್ಡ ಇದ್ದದ್ದು ಬಂಗಲೆ, ಮತ್ತು ಬಂಗಲೆಯ ಅಣವೀರಪ್ಪ.

ಗದಗ ಕಡೆಯ ಅಣವೀರಪ್ಪ ಇಪ್ಪತ್ತೆರಡು ವರ್ಷದಿಂದ ಆ ಕತ್ತಲಲ್ಲಿ ನಿಂತು ಗಾಡಿ ಓಡಿಸುತ್ತಿದ್ದ. ಪಾರ್ಕಿನ ಹಿಂದಿನ ಒಂದು ಕೋಣೆಯಲ್ಲಿ ಹೆಂಡತಿ ಲಕ್ಷ್ಮವ್ವನ ಜೊತೆ ವಾಸ. ಕೆಲಸ ಹೋದರೆ ಮನೆಯೂ ಹೋಯಿತು. ಈ ಮನುಷ್ಯನನ್ನು ಕಂಡರೆ ದೇವಾನಂದನಿಗೆ ಆಗುತ್ತಿರಲಿಲ್ಲ. ಸವದತ್ತಿ ಎಲ್ಲಮ್ಮನ ಭಂಡಾರ, ಅಂದರೆ ಅರಿಶಿನದ ಪುಡಿ, ಅವನ ಜೇಬಿನಲ್ಲಿ ಯಾವಾಗಲೂ ಇರುತ್ತಿತ್ತು. ಅದನ್ನು ಎಣ್ಣೆಯಲ್ಲಿ ಕಲಸಿ ಗಾಡಿಗೆ, ಹಳಿಗೆ, ಬ್ರೇಕಿನ ಹಿಡಿಗೆ, ಸಿಕ್ಕಿದ್ದಕ್ಕೆಲ್ಲ ಬಳಿಯುತ್ತಿದ್ದ. ಒಮ್ಮೆ ವಿನೋದಿನಿಯಕ್ಕನ ಎದುರೇ ಚಿಟಿಕೆ ಹಿಡಿದು ಬಂದಿದ್ದ.

"ತಗೋರಿ ಸಾಹೇಬ್ರ, ಹಣಿಗೆ ಹಚ್ಕೋರಿ. ಅವ್ವ ಚಲೋ ಮಾಡ್ತಾಳ."

"ದೂರ ನಿಲ್ಲು! ಈ ಶರಟಿಗೆ ಹತ್ತಿದರೆ ಹೋಗುತ್ತಾ ಅದು? ನಿನ್ನ ಅರಿಶಿನ ನನಗೆ ಮುಟ್ಟಿಸಬೇಡ, ಇವತ್ತಲ್ಲ, ಯಾವತ್ತೂ," ಎಂದು ದೇವಾನಂದ ಎರಡು ಹೆಜ್ಜೆ ಹಿಂದೆ ಹಾರಿದ್ದ. ವಿನೋದಿನಿಯಕ್ಕ ತಾವು ಹಚ್ಚಿಕೊಂಡು ಸುಮ್ಮನಾಗಿದ್ದರು.

ವರ್ಷಕ್ಕೊಮ್ಮೆ ಅಣವೀರಪ್ಪ ಬಂಗಲೆಗೆ ನೇರಳೆ ಟ್ಯೂಬ್‌ಲೈಟು ಬೇಕೆಂದು ಚೀಟಿ ಕಳಿಸುತ್ತಿದ್ದ. ಬಿಳಿಯದು ಬಿಟ್ಟು ನೇರಳೆಯೇ ಯಾಕೆ ಎಂದು ಕೇಳುವಷ್ಟು ಆಸಕ್ತಿಯೂ ಇಲ್ಲದೆ ದೇವಾನಂದ ಗೊಣಗುತ್ತ ಸಹಿ ಹಾಕುತ್ತಿದ್ದ. ಹಳ್ಳಿಗಮಾರನ ಷೋಕಿ, ಇನ್ನೇನು!

ಬಂಗಲೆಯೊಳಗೆ ಅವನು ಕಾಲಿಟ್ಟವನೇ ಅಲ್ಲ. ಕಾಲಿಡುವ ಅಗತ್ಯವೂ ಇರಲಿಲ್ಲ, ಪಾರ್ಕಿನ ಆಫೀಸಿನಲ್ಲಿ ನಕ್ಷೆ ಇತ್ತು. ನಾಲ್ಕು ಜನ ಕೂರುವ ಗಾಡಿ ಸರಪಳಿಯ ಮೇಲೆ ಹತ್ತುತ್ತದೆ, ಭೂತಗಳ ನಡುವೆ ಸುತ್ತುತ್ತದೆ, ಕೊನೆಯ ತಿರುವಿನಲ್ಲಿ ತನ್ನ ಭಾರಕ್ಕೆ ತಾನೇ ಇಳಿಯುತ್ತದೆ. ಅಲ್ಲಿ ಅಣವೀರಪ್ಪ ಹಿಡಿ ಎಳೆದು ಬ್ರೇಕು ಹಾಕುತ್ತಾನೆ. ಹಿಡಿಗೂ ಬ್ರೇಕಿಗೂ ನಡುವೆ, ತಗಡಿನ ಮುಚ್ಚಳದ ಕೆಳಗೆ, ಬೆರಳುದ್ದದ ಒಂದು ಉಕ್ಕಿನ ಪಿನ್ನು. ಅದನ್ನು ತೆಗೆದು ಅಲ್ಲೊಂದು ತೆಳು ತಂತಿ ಸುತ್ತಿಟ್ಟರೆ ಆಯಿತು. ಬೆಳಿಗ್ಗೆಯ ಖಾಲಿ ಗಾಡಿಯ ಪರೀಕ್ಷೆಗೆ ತಂತಿ ತಡೆಯುತ್ತದೆ. ಜನ ತುಂಬಿದ ಮೇಲೆ ಮೂರು ಸುತ್ತೋ ನಾಲ್ಕು ಸುತ್ತೋ, ಹರಿಯುತ್ತದೆ. ಗಾಡಿ ಹೋಗಿ ಹೊರಬಾಗಿಲಿಗೆ ಗುದ್ದುತ್ತದೆ. ಯಾರೂ ಸಾಯುವುದಿಲ್ಲ. ಒಂದೆರಡು ಮೂಳೆ ಮುರಿದಾವು, ಪೇಪರಿನಲ್ಲಿ ಬಂದೀತು. ಉಕ್ಕಿನ ಪಿನ್ನು ಅಣವೀರಪ್ಪನ ಹತ್ಯಾರದ ಪೆಟ್ಟಿಗೆಯಲ್ಲಿ ಸಿಗುತ್ತದೆ. ಪಿನ್ನು ಬಿಚ್ಚಿದವನು ಸೋಮಾರಿತನದಿಂದ ತಂತಿ ಕಟ್ಟಿ ಬಿಟ್ಟ ಎಂದು ಚಿಕ್ಕ ಮಗುವೂ ಹೇಳುತ್ತದೆ. ಎಷ್ಟು ಸರಳ! ಇಷ್ಟು ಬುದ್ಧಿ ಇರುವವನನ್ನು ಲೋಟ ಇಡಲಿಕ್ಕೆ ಬಳಸಿಕೊಂಡರಲ್ಲ ಎಂದು ಅವನಿಗೆ ತನ್ನ ಮೇಲೆಯೇ ಕನಿಕರ ಬಂತು.

ಸೋಮವಾರ ಪಾರ್ಕಿಗೆ ರಜೆ. ಮಧ್ಯಾಹ್ನ ವಾಚ್‌ಮನ್ ಯಲ್ಲಾಲಿಂಗ ಗೇಟಿನ ಕೋಣೆಯಲ್ಲಿ ರೊಟ್ಟಿ ಗಂಟು ಬಿಚ್ಚುವ ಹೊತ್ತಿಗೆ ದೇವಾನಂದ ಆಫೀಸಿನ ಬೀಗದ ಕೈ ಹಿಡಿದು ಬಂಗಲೆಯ ಹಿಂಬಾಗಿಲಿನಿಂದ ಒಳಗೆ ಹೋದ. ದೀಪ ಹಾಕಲಿಲ್ಲ. ಬಂಗಲೆಯಲ್ಲಿ ಯಾವ ದೀಪ ಹಾಕಿದರೂ ಗೇಟಿನ ಕೋಣೆಯಲ್ಲಿ ಕೆಂಪು ಬಲ್ಬು ಹತ್ತುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಅದಕ್ಕೂ ಯೋಚನೆ ಮಾಡಿದ್ದೆನಲ್ಲ ಎಂದು ಬೆನ್ನು ತಟ್ಟಿಕೊಂಡು ಮೊಬೈಲಿನ ಟಾರ್ಚ್ ಹಿಡಿದ. ಕೈಗೆ ರಬ್ಬರ್ ಗ್ಲೌಸು. ಆದರೆ ಎಣ್ಣೆ ಹಿಡಿದ ಪಿನ್ನು ಗ್ಲೌಸಿಗೆ ಜಾರುತ್ತಿತ್ತು. ಕೊನೆಗೆ ಬಲಗೈಯದನ್ನು ಬಿಚ್ಚಿ, ಬರಿಗೈಯಲ್ಲಿ ತಿರುಚಿ ಎಳೆದ. ಪಿನ್ನು ಬಂತು. ಅದರ ಜೊತೆಗೆ ಹಿಡಿಗೆ ಬಳಿದಿದ್ದ ಅರಿಶಿನವೂ ಮಣಿಗಂಟಿನವರೆಗೆ ಬಂತು.

"ಥೂ, ಇವನ ಅರಿಶಿನಕ್ಕಿಷ್ಟು ಬೆಂಕಿ ಹಾಕ!" ಎಂದ.

ತಂತಿ ಸುತ್ತಿದ. ಬೆರಳಚ್ಚು ಉಳಿಯಬಾರದೆಂದು ಹಿಡಿಯನ್ನೂ ಮುಚ್ಚಳವನ್ನೂ ಬಟ್ಟೆಯಲ್ಲಿ ತಿಕ್ಕಿ ಒರೆಸಿದ. ಪಿನ್ನನ್ನೂ ಒರೆಸಿ ಪೆಟ್ಟಿಗೆಯ ತಳಕ್ಕೆ ಸೇರಿಸಿದ. ಬಾಗಿಲ ಸಂದಿನಿಂದ ಬೆಳಕು ಕಾಣಬಾರದೆಂದು ಟಾರ್ಚ್ ಆರಿಸಿ, ಕರೀ ಗೋಡೆ ತಡಕುತ್ತ ಹಿಂಬಾಗಿಲಿಗೆ ಬಂದ. ಬಟ್ಟೆಯೂ ಗ್ಲೌಸೂ ಖಾರಿಯ ಪಾಲಾದವು. ಆಫೀಸಿಗೆ ಬಂದವನು ತಡೆಯಲಾರದೆ ಮೊದಲು ಆ ಕಪ್ಪು ಫೈಲನ್ನು ಕಪಾಟಿನಿಂದ ತೆಗೆದು ಎದೆಗೊತ್ತಿಕೊಂಡ. ಆಮೇಲೆ ಕೈ ನೋಡಿಕೊಂಡು ಮೂರು ಸಲ ಸಾಬೂನು ಹಚ್ಚಿ ತೊಳೆದ. ಉಗುರಿನ ಸಂದಿಯಲ್ಲಿ ತುಸು ಹಳದಿ ಉಳಿಯಿತು. ಉಳಿಯಲಿ, ಸಾಂಬಾರು ತಿನ್ನುವ ಯಾರ ಉಗುರು ಬೆಳ್ಳಗಿದೆ?

ಮಂಗಳವಾರ ಎಲ್ಲವೂ ಅವನು ಎಣಿಸಿದ ಹಾಗೆಯೇ ನಡೆಯಿತು. ಐದನೆಯ ಸುತ್ತಿನಲ್ಲಿ ತಂತಿ ಹರಿದು ಗಾಡಿ ಬಾಗಿಲಿಗೆ ಗುದ್ದಿತು. ನಿಖಿತಾ ಎಂಬ ಕಾಲೇಜು ಹುಡುಗಿಯ ಮುಂಗೈ ಮುರಿಯಿತು, ಅವಳ ಗೆಳತಿಯ ಎರಡು ಹಲ್ಲು ಹೋದವು. ದೇವಾನಂದ ಓಡಿ ಬಂದು ಎಲ್ಲರಿಗಿಂತ ಮುಂದೆ ನಿಂತು ನೀರು ಕೊಟ್ಟ, ಆಂಬುಲೆನ್ಸಿಗೆ ಫೋನು ಮಾಡಿದ. ಎರಡೇ ಹಲ್ಲು ಎಂದು ಮನಸ್ಸಿನಲ್ಲಿ ಲೆಕ್ಕ ಹಾಕಿ ಸಮಾಧಾನಪಟ್ಟ.

ನಾಲ್ಕು ಗಂಟೆಗೆ ಚೆಂಬೂರಿನಿಂದ ವಿನೋದಿನಿಯಕ್ಕ ಬಂದರು, ಠಾಣೆಯಿಂದ ಸಬ್ ಇನ್‌ಸ್ಪೆಕ್ಟರ್ ಶೀತಲ್ ಬಂದಳು. ಮೂವತ್ತೂ ತುಂಬದ ಹುಡುಗಿ. ತಂದೆ ವಿಜಯಪುರದ ಕಡೆಯವರು, ಇವಳು ಹುಟ್ಟಿ ಬೆಳೆದದ್ದು ಮುಂಬಯಿ, ಅವಳ ಕನ್ನಡದಲ್ಲಿ ಅರ್ಧ ಹಿಂದಿ. ಇವಳನ್ನು ಕಳಿಸಿದ್ದಾರಲ್ಲ, ಇನ್ನು ತನಿಖೆ ಆದ ಹಾಗೆ ಎಂದು ದೇವಾನಂದ ನಿರಾಳನಾದ. ಹೊರಗೆ ತರಿಸಿದ ಹತ್ಯಾರದ ಪೆಟ್ಟಿಗೆಯಲ್ಲಿ ಪಿನ್ನು ಸಿಕ್ಕಿತು. ಬಂಗಲೆಯ ಮುಂದೆ ಅಣವೀರಪ್ಪ ಕೈಮುಗಿದು ನಿಂತಿದ್ದ, ಲಕ್ಷ್ಮವ್ವ ಸೆರಗು ಬಾಯಿಗೆ ತುರುಕಿಕೊಂಡು ಅಳುತ್ತಿದ್ದಳು.

"ನಾ ತಗದಿಲ್ರೀ ಬಾಯಾರ. ಎಲ್ಲವ್ವನ ಆಣಿ. ಇವತ್ತ ಮುಂಜಾನೆ ಬಂದಾಗ ಹಿಡಿಕಿ ಮ್ಯಾಲಿನ ಭಂಡಾರ ಅಳಿಸಿತ್ರಿ. ಇಲಿ ಏನಾರ ಓಡ್ಯಾಡಿರಬೇಕಂತ ಮತ್ತ ಹಚ್ಚಿದ್ನಿ. ಅಷ್ಟ ನಂದ ತಪ್ಪು."

"ಇಲಿ ಅಂತೆ!" ದೇವಾನಂದ ನಕ್ಕ. "ಮೇಡಂ, ಇವನಿಗೆ ಮಿಷನ್ನಿಗಿಂತ ಅರಿಶಿನದ ಮೇಲೆ ನಂಬಿಕೆ. ನಾನು ಹೇಳಿ ಹೇಳಿ ಸಾಕಾಯ್ತು."

"ಆಪ್ ಕಭೀ ಒಳಗೆ ಹೋಗ್ತೀರಾ ಚೆಕಿಂಗ್‌ಗೆ?" ಎಂದು ಶೀತಲ್ ಕೇಳಿದಳು.

"ಆರು ವರ್ಷದಲ್ಲಿ ಒಂದು ಸಲವೂ ಇಲ್ಲ. ಆ ಬ್ರೇಕು ಎಡಕ್ಕುಂಟಾ ಬಲಕ್ಕುಂಟಾ ಅಂತ ಕೂಡ ನನಗೆ ಗೊತ್ತಿಲ್ಲ. ಬೇಕಿದ್ದರೆ ಅಕ್ಕನನ್ನೇ ಕೇಳಿ."

"ಹೌದು, ನಾನೇ ಹೇಳಿ ಸೋತೆ," ಎಂದರು ವಿನೋದಿನಿಯಕ್ಕ. ಆಕೆಯ ಮುಖ ಬಾಡಿತ್ತು. "ಆಯ್ತು ದೇವಾನಂದಾ. ನಿನ್ನ ಹೊಸತು ಏನುಂಟೋ ನಾಳೆ ತಾ, ನೋಡುವ. ಇದನ್ನು ಮುಚ್ಚಿಬಿಡುವ."

ನಾಳೆ ಯಾಕೆ? ಫೈಲು ಅವನ ಕಂಕುಳಲ್ಲೇ ಇತ್ತು. ಅಣವೀರಪ್ಪನ ಕಣ್ಣಲ್ಲಿ ನೀರು ಇಳಿಯುತ್ತಿತ್ತು. ದೇವಾನಂದನಿಗೆ ಯಾಕೋ ಬಹಳ ದಿನದ ಮೇಲೆ ಒಳ್ಳೆಯ ಹಸಿವಾಯಿತು. ಅಷ್ಟರಲ್ಲಿ ಶೀತಲ್ ಬಂಗಲೆಯ ಕಡೆ ತಿರುಗಿದಳು.

"ಜಾಗ ನೋಡೋಣ. ಎಲ್ಲರೂ ಬನ್ನಿ, ಪಂಚನಾಮೆ ಮಾಡಬೇಕು. ನಾನು ಐದನೇ ಕ್ಲಾಸಲ್ಲಿ ಸ್ಕೂಲ್ ಪಿಕ್ನಿಕ್‌ಗೆ ಬಂದಿದ್ದೆ ಇಲ್ಲಿ." ಅವಳ ಮುಖದಲ್ಲಿ ಮೊದಲ ಬಾರಿಗೆ ನಗೆ ಕಂಡಿತು. "ಲಾಸ್ಟ್ ಟರ್ನ್‌ನಲ್ಲಿ ಒಂದು ಹಾಥ್ ಇತ್ತಲ್ಲ ಕಾಕಾ? ಎರಡು ದಿನ ಜ್ವರ ಬಂದಿತ್ತು ನನಗೆ. ಅಭೀ ಭೀ ಇದೆಯಾ?"

"ಐತ್ರಿ ಬಾಯಾರ. ಈಗ ಒಂದಲ್ಲ, ಬಾಳ ಅದಾವು. ಹುಡುಗೂರ ಅದನ್ನ ನೋಡಾಕ ಬರ್ತಾವ," ಎಂದ ಅಣವೀರಪ್ಪ ಮೂಗು ಒರೆಸಿಕೊಳ್ಳುತ್ತ.

ಯಾವ ಕೈ? ನಕ್ಷೆಯಲ್ಲಿ ಕೈ ಇರಲಿಲ್ಲ. ಹೋಗಲಿ, ಅದೂ ಥರ್ಮೋಕೋಲಿನದೇ ಇದ್ದೀತು ಎಂದುಕೊಂಡು ದೇವಾನಂದ ಫೈಲು ಹಿಡಿದು ಎಲ್ಲರಿಗಿಂತ ಮುಂದಾಗಿ ಒಳಗೆ ನಡೆದ. ಬ್ರೇಕಿನ ಪೆಟ್ಟಿಗೆಯ ಬಳಿ ಎಲ್ಲರೂ ನಿಂತರು. ಒಬ್ಬ ಪೇದೆ ಟಾರ್ಚ್ ತೆಗೆದ. "ಟಾರ್ಚ್ ನಕೋ," ಎಂದಳು ಶೀತಲ್. "ಕಾಕಾ, ಗಾಡಿ ಓಡುವಾಗ ಯಾವ ಲೈಟ್ ಇರ್ತದೋ ಅದೇ ಹಾಕಿ."

ಅಣವೀರಪ್ಪ ಗುಂಡಿ ಒತ್ತಿದ. ನೇರಳೆ ಟ್ಯೂಬುಗಳು ಮಿಣುಕಿ ಹತ್ತಿದವು. ಕರೀ ಗೋಡೆಯ ಮೇಲೆ ಹಸಿರು ಹಳದಿಯಾಗಿ ಕೈಗಳು ಎದ್ದು ಬಂದವು, ಬೆಂಕಿ ಹತ್ತಿದ ಹಾಗೆ ಹೊಳೆಯುವ ಅಂಗೈಗಳು. ಆ ಬೆಳಕಿನಲ್ಲಿ ಅರಿಶಿನ ಹೊಳೆಯುತ್ತದೆ. ಟಿಕೆಟು ಕೊಂಡು ಗಾಡಿ ಹತ್ತಿದ ಪ್ರತಿ ಮಗುವಿಗೂ ಗೊತ್ತಿದ್ದ ಈ ಸಂಗತಿ ಮ್ಯಾನೇಜರಿಗೊಬ್ಬನಿಗೆ ಗೊತ್ತಿರಲಿಲ್ಲ. "ಇವು ನನ್ನವ್ರಿ, ನಾನೇ ಒತ್ತಿದವು," ಎಂದು ಅಣವೀರಪ್ಪ ತಿರುವಿನ ಗೋಡೆ ತೋರಿಸಿದ. ಆಮೇಲೆ ಹಿಂದೆ ತಿರುಗಿ ಹುಬ್ಬು ಗಂಟಿಕ್ಕಿದ. ಗಾಡಿ ಓಡಿಸುವಾಗ ಯಾವಾಗಲೂ ಅವನ ಬೆನ್ನಿಗಿರುವ ಗೋಡೆಯ ಮೇಲೆ, ಬ್ರೇಕಿನ ಪೆಟ್ಟಿಗೆಯಿಂದ ಹಿಂಬಾಗಿಲಿನವರೆಗೆ ಒಂದೇ ಬಲಗೈ ತಡಕುತ್ತ ಹೋಗಿತ್ತು. "ಆ ಕಡೆ ಹ್ವಾದವು ನನ್ನವಲ್ರೀ." ಗೋಡೆ ನೋಡುತ್ತಿದ್ದವರೆಲ್ಲ ಒಬ್ಬೊಬ್ಬರಾಗಿ ದೇವಾನಂದನ ಕಡೆ ತಿರುಗಿದರು. ಅವನೂ ಬಗ್ಗಿ ನೋಡಿಕೊಂಡ. ಎದೆಗೊತ್ತಿ ಹಿಡಿದ ಕಪ್ಪು ಫೈಲಿನ ಮೇಲೆ ಐದು ಬೆರಳು ಜ್ವಲಿಸುತ್ತಿದ್ದವು, ಫೈಲು ಹಿಡಿದ ಕೈಯ ಉಗುರುಗಳೂ ವಾಚಿನ ಪಟ್ಟಿಯೂ ಹೊಳೆಯುತ್ತಿದ್ದವು. ಕೈಯನ್ನು ಜೇಬಿಗೆ ತುರುಕಲು ಹೋದ, ಶೀತಲ್ ಮಣಿಗಂಟು ಹಿಡಿದುಕೊಂಡಳು. ವಿನೋದಿನಿಯಕ್ಕ ಅವನ ಮುಖವನ್ನೊಮ್ಮೆ ಫೈಲನ್ನೊಮ್ಮೆ ನೋಡಿ, "ಒಂದು ಸಲ ಕೂತು ನೋಡು ಅಂತ ಹೇಳಿದ್ದೆನಲ್ಲ ಮಾರಾಯ," ಎಂದರು.