ಬೊಳ್ಳಿಯ ಬಟ್ಟಲಿನಲ್ಲಿ ಇದ್ದದ್ದು

ದೀಪಶ್ರೀ ಬೆಕ್ಕನ್ನು ಗೊಬ್ಬರದಂಗಡಿಯ ಮೇಜಿನ ಮೇಲೆ ಮಲಗಿಸಿದಳು. ಬೊಳ್ಳಿ ತಲೆ ಎತ್ತಲಿಲ್ಲ.

"ಇದಕ್ಕೂ ವಿಷ ಹಾಕಿದಿರಾ?"

ಜಿತೇಶ್ ಅವಳನ್ನೇ ನೋಡಿದ. ಕಕ್ಕಿಂಜೆಯಲ್ಲಿ ಅವನು ಅಂಗಡಿ ತೆರೆದು ಎರಡು ತಿಂಗಳಾಗಿತ್ತಷ್ಟೆ. ಗೊಬ್ಬರದ ಜೊತೆ ಇಲಿಪಾಷಾಣವನ್ನೂ ಮಾರುತ್ತಿದ್ದ.

ಎದುರಿಗೇ ದೀಪಶ್ರೀ ಮತ್ತು ಅವಳ ತಾಯಿ ಲೋಲಾಕ್ಷಿ ನಡೆಸುವ ಊಟದ ಹೋಟೆಲು. ಅಲ್ಲಿ ಸಾಕಿದ್ದ ಮೂರು ಬೆಕ್ಕುಗಳಲ್ಲಿ ಎರಡು ಒಂದೇ ತಿಂಗಳಲ್ಲಿ ಸತ್ತಿದ್ದವು. ಮೊದಲು ಮಂಕಾದವು, ಆಮೇಲೆ ಏದುಸಿರು ಬಿಟ್ಟವು, ಮೂರನೆಯ ದಿನ ತಣ್ಣಗಾದವು. ಇದು ಪಾಷಾಣ ಮಾರುವವನದೇ ಕೆಲಸವೆಂದು ದೀಪಶ್ರೀ ಊಟಕ್ಕೆ ಬಂದವರಿಗೆಲ್ಲ ಹೇಳಿದ್ದಳು. ಅಂದಿನಿಂದ ಜಿತೇಶ್ ಅಲ್ಲಿ ಊಟಕ್ಕೆ ಬರುವುದನ್ನು ಬಿಟ್ಟಿದ್ದ. ಅವನ ಅಂಗಡಿಗೂ ಜನ ಕಡಿಮೆಯಾಗಿದ್ದರು.

ಅವನು ಜಗಳಕ್ಕೆ ನಿಲ್ಲಲಿಲ್ಲ. ಬೊಳ್ಳಿಯ ತುಟಿ ಎತ್ತಿ ನೋಡಿದ. ವಸಡು ಕಾಗದದ ಹಾಗೆ ಬಿಳುಚಿತ್ತು.

"ನನ್ನ ಅಂಗಡಿಯ ವಿಷವೇ ಆದ್ರೆ ಡಾಕ್ಟ್ರು ಹೇಳ್ತಾರೆ. ಮೊದ್ಲು ಬೆಳ್ತಂಗಡಿಗೆ ಹೋಗುವ."

ಅವನ ಪಿಕಪ್‌ನಲ್ಲಿ ಹೋಗುವಾಗ ದೀಪಶ್ರೀಯ ಮಡಿಲು ಒದ್ದೆಯಾಯಿತು. ಬೆಕ್ಕಿನ ಮೂತ್ರ... ಕೆಂಪು ಬೆರೆತ ಕಂದು ಬಣ್ಣ. ಸತ್ತ ಬೆಕ್ಕುಗಳು ಮಲಗುತ್ತಿದ್ದ ಗೋಣಿಯಲ್ಲೂ ಇದೇ ಕಲೆ ಇತ್ತು.

ಕೊಂದವನೇ ಈಗ ಒಳ್ಳೆಯವನಂತೆ ನಟಿಸುತ್ತಿದ್ದಾನಾ...?

ಬೆಳ್ತಂಗಡಿಯ ಪಶು ಆಸ್ಪತ್ರೆಯಲ್ಲಿ ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿ, ಬೆಕ್ಕು ಏನು ತಿನ್ನುತ್ತದೆ ಎಂದು ಕೇಳಿದರು. ಹಳಸಿದ್ದನ್ನು ಒಂದು ದಿನವೂ ಹಾಕಿಲ್ಲ, ದಿನಾ ಮಧ್ಯಾಹ್ನ ಬಿಸಿ ಅನ್ನಕ್ಕೆ ಕೋಳಿ ಗಸಿಯ ಗಟ್ಟಿ ಸಾರು ಕಲಸಿ ತಾನೇ ಹಾಕುತ್ತೇನೆ ಎಂದಳು ದೀಪಶ್ರೀ.

ಬರೆಯುತ್ತಿದ್ದ ಡಾಕ್ಟರಮ್ಮನ ಪೆನ್ನು ನಿಂತಿತು. "ಗಸಿಗೆ ನೀರುಳ್ಳಿ, ಬೆಳ್ಳುಳ್ಳಿ ಎಷ್ಟು ಹಾಕ್ತೀರಿ?"

ಹಸಿಯಾದರೂ ಬೇಯಿಸಿದರೂ ಅವೆರಡೂ ಬೆಕ್ಕಿನ ರಕ್ತದ ಕಣಗಳನ್ನು ಒಡೆದುಹಾಕುತ್ತವೆ, ದಿನಾ ಸ್ವಲ್ಪ ಸ್ವಲ್ಪ ಹೋದರೂ ಸಾಕು ಎಂದು ಅವರು ವಿವರಿಸಿದರು. ಪಾಷಾಣದ ಲಕ್ಷಣವೇ ಇರಲಿಲ್ಲ. ಉಳಿಯುತ್ತದೆ ಎಂಬ ಭರವಸೆಯನ್ನೂ ಅವರು ಕೊಡಲಿಲ್ಲ.

ದೀಪಶ್ರೀ ಗೋಡೆ ಹಿಡಿದು ಕುಳಿತಳು. ಅಡುಗೆಮನೆಯ ಬಾಗಿಲಲ್ಲಿ ಅವು ಕಾಯುತ್ತಿದ್ದದ್ದು ಅವಳ ಕೈಗಾಗಿ. ಕೊಂದದ್ದೂ ಅದೇ ಕೈ!

"ಬೈದುಬಿಡಿ" ಎಂದಳು.

"ನನಗೂ ಗೊತ್ತಿರ್ಲಿಲ್ಲ" ಎಂದ ಜಿತೇಶ್. ಬೊಳ್ಳಿಗೆ ಡ್ರಿಪ್ ಮುಗಿಯುವವರೆಗೂ ಅವಳ ಪಕ್ಕದಲ್ಲೇ ಕುಳಿತಿದ್ದ.

ನಾಲ್ಕು ದಿನ ಬೆಳಿಗ್ಗೆ ಅಂಗಡಿ ಮುಚ್ಚಿ ದೀಪಶ್ರೀಯನ್ನೂ ಬೊಳ್ಳಿಯನ್ನೂ ಆಸ್ಪತ್ರೆಗೆ ಕರೆದೊಯ್ದ. ಮೂರನೆಯ ದಿನವೂ ವಸಡು ಬಿಳಿಯೇ. ನಾಲ್ಕನೆಯ ದಿನ ಬೊಳ್ಳಿ ಉಪ್ಪಿಲ್ಲದ ಬೇಯಿಸಿದ ಮೀನನ್ನು ಒಮ್ಮೆ ನೆಕ್ಕಿತು. ಅಪಾಯ ಇನ್ನೂ ಕಳೆದಿಲ್ಲ ಎಂದರು ಡಾಕ್ಟರಮ್ಮ.

ಅಂದು ಮಧ್ಯಾಹ್ನ ಹೋಟೆಲು ತುಂಬಿತ್ತು. ಬಡಿಸುವುದನ್ನು ನಿಲ್ಲಿಸಿ ದೀಪಶ್ರೀ ಎಲ್ಲರೆದುರು ನಡೆದದ್ದನ್ನು ಹೇಳಿದಳು. ತಪ್ಪು ತನ್ನದು, ಜಿತೇಶ್ ಏನೂ ಮಾಡಿಲ್ಲ ಎಂದಳು. ಆಮೇಲೆ ರಸ್ತೆ ದಾಟಿ ಅವನ ಅಂಗಡಿಗೆ ಹೋದಳು.

ಸುದ್ದಿ ಅವಳಿಗಿಂತ ಮೊದಲೇ ಅಲ್ಲಿಗೆ ತಲುಪಿತ್ತು.

"ಅಷ್ಟು ಜನರ ಎದುರು ಹೇಳ್ಬೇಕಿತ್ತಾ?"

"ಸುಳ್ಳು ಹೇಳಿದ್ದೂ ಅವರ ಎದುರೇ ಅಲ್ವಾ? ಅದಕ್ಕೇ ಸಿಟ್ಟಾಗಿ ಊಟ ಬಿಟ್ರಿ."

"ಸಿಟ್ಟಲ್ಲ. ನೀವು ನನ್ನನ್ನು ಕೊಲೆಗಾರನ ಹಾಗೆ ನೋಡ್ತಿದ್ರಿ. ಬೇರೆ ಯಾರು ಹಾಗೆ ನೋಡಿದ್ರೂ ತಡ್ಕೊಳ್ತಿದ್ದೆ."

ಅವಳ ಕಣ್ಣು ತುಂಬಿತು.

"ಈಗ... ಹೇಗೆ ನೋಡ್ತಾ ಇದ್ದೇನೆ?"

ಅವನು ಮೇಜು ಬಳಸಿ ಅವಳೆದುರು ಬಂದು ನಿಂತ.

"ಹೀಗೇ ನೋಡ್ತಾ ಇರಿ, ದೀಪಶ್ರೀ."