ಗುಡ್ಡದಾಚೆಯಿಂದ ಬಂದ ಟೈ ರಾಡ್

ತುಕುಂಗ್ ಹೊಳೆಯ ದಂಡೆಯಲ್ಲಿ ರಿನಾಯ್‌ಳ ಹಳೆಯ ಲ್ಯಾಂಡ್ ಕ್ರೂಸರ್ ನಿಂತಿತ್ತು. ಅದರ ಮುಂದಿನ ಎರಡು ಚಕ್ರಗಳು ಮುನಿಸಿಕೊಂಡ ಗಂಡಹೆಂಡಿರ ಹಾಗೆ ಒಂದೊಂದು ದಿಕ್ಕಿಗೆ ಮುಖ ತಿರುಗಿಸಿದ್ದವು.

ಹಿಂದಿನ ದಿನ ಹೊಳೆ ದಾಟುವಾಗ ಕೆಂಪು ನೀರಿನಡಿ ಕಾಣದ ಬಂಡೆಯೊಂದು ಗಾಡಿಯ ಹೊಟ್ಟೆಗೆ ಗುದ್ದಿತ್ತು. ಎರಡು ಚಕ್ರಗಳನ್ನೂ ಒಂದಕ್ಕೊಂದು ಜೋಡಿಸಿ ಹಿಡಿಯುವ ಟೈ ರಾಡ್ ತುದಿಯಲ್ಲೇ ತುಂಡಾಯಿತು. ಸ್ಟೀರಿಂಗಿನ ತಿರುವನ್ನು ಚಕ್ರಕ್ಕೆ ಮುಟ್ಟಿಸುವ ಡ್ರ್ಯಾಗ್ ಲಿಂಕ್ ಬಿಲ್ಲಿನ ಹಾಗೆ ಬಾಗಿತು. ಮರಕ್ಕೆ ಸರಪಳಿ ಬಿಗಿದು, ಕೈರಾಟೆ ತಿರುಗಿಸಿ ಗಾಡಿಯನ್ನು ಬಂದ ದಂಡೆಗೇ ಎಳೆದು ಹಾಕುವಷ್ಟರಲ್ಲಿ ರಿನಾಯ್ ಮತ್ತು ಅವಳ ತಂಗಿಯ ಗಂಡ ಉಪೈ ಇಬ್ಬರ ಅಂಗೈಯೂ ಸುಲಿದುಹೋಗಿತ್ತು.

ಗಾಡಿಯೊಂದೇ ಆಗಿದ್ದರೆ ಬಿಟ್ಟು ನಡೆದುಬಿಡುತ್ತಿದ್ದರು. ಆದರೆ ದಂಡೆಯ ಮೇಲಿನ ಬೇಟೆಗಾರರ ಗುಡಿಸಲಿನಲ್ಲಿ, ರಿನಾಯ್ ಮಾಮ ಎಂದು ಕರೆಯುವ ಯುದಾನ್ ಮಲಗಿದ್ದ. ಬೇಲಿಗೆ ಮರ ಕಡಿಯುವಾಗ ಕೊಂಬೆಯೊಂದು ಬಿದ್ದು ಅವನ ತೊಡೆಯ ಮೂಳೆ ಮುರಿದಿತ್ತು. ಮೋಡ ಕವಿದು ಹೆಲಿಕಾಪ್ಟರ್ ಬರುವ ಹಾಗಿರಲಿಲ್ಲ. ಊರಿನ ದಾದಿ ಕಾಲಿಗೆ ಮರದ ಪಟ್ಟಿ ಕಟ್ಟಿ, "ತಡ ಮಾಡಿದ್ರೆ ಕಾಲು ಉಳಿಯೋದು ಕಷ್ಟ" ಎಂದು ರಿನಾಯ್‌ಳ ಗಾಡಿ ಹತ್ತಿಸಿದ್ದಳು. ಈಗ ಯುದಾನನ ಹೆಂಡತಿ ಸುಕೊಬ್ ಅವನ ಪಾದವನ್ನು ಮಡಿಲಲ್ಲಿಟ್ಟುಕೊಂಡು ಉಜ್ಜುತ್ತಿದ್ದಳು.

"ನಿನ್ನೆಗಿಂತ ತಣ್ಣಗಿದೆ ಕಣೇ" ಎಂದಳು ರಿನಾಯ್‌ಗೆ, ಗಂಡನಿಗೆ ಕೇಳಿಸದ ಹಾಗೆ.

ಆದರೂ ಒಂದು ದಾರಿಯಿತ್ತು. ರಿನಾಯ್ ಹಿಂದಿನ ಸಂಜೆಯೇ ಹೊಳೆಯಾಚೆಯ ದಿಬ್ಬ ಹತ್ತಿ, ಫೋನಿಗೆ ಸಿಗ್ನಲ್ ಸಿಗುವ ಒಂಟಿ ಮರದ ಬುಡದಲ್ಲಿ ನಿಂತು ಲಾವಾಸ್ ಪೇಟೆಯ ಅಗೋಂಗ್‌ನೊಂದಿಗೆ ಮಾತಾಡಿದ್ದಳು. ಅವನೂ ಇದೇ ದಾರಿಯಲ್ಲಿ ಗಾಡಿ ಓಡಿಸುವವನು, ಹಳೆಯ ಗೆಳೆಯ. ಹಳೆಯವು ಸವೆದಿವೆಯೆಂದು ಅವಳು ಮೊದಲೇ ಹೊರದೇಶದಿಂದ ತರಿಸಿದ್ದ ದಪ್ಪ ಟೈ ರಾಡ್, ಡ್ರ್ಯಾಗ್ ಲಿಂಕ್, ತುದಿಯ ಗುಂಡುಕೀಲುಗಳು ಪೇಟೆಯ ಅಂಗಡಿಗೆ ಬಂದು ಕೂತಿದ್ದವು. ಅಗೋಂಗ್ ಅವನ್ನು ಹೇರಿಕೊಂಡು, ಮಳೆಗೆ ರಸ್ತೆಯ ಮೇಲೆ ಗುಡ್ಡ ಜರಿದ ಜಾಗದವರೆಗೆ ಬರುತ್ತೇನೆಂದಿದ್ದ. ಅಲ್ಲಿಂದ ಈಚೆಗೆ ಯಾವ ಗಾಡಿಯೂ ಬರುವಂತಿರಲಿಲ್ಲ.

"ಅಂದ್ರೆ ನಾವು ನಡೆದು ಹೋಗಿ ಸಾಮಾನು ಹೊತ್ತು ತರಬೇಕು, ಕೂಡಿಸಬೇಕು, ಹೊಳೆ ದಾಟಿ ಮಾಮನ್ನ ಜರಿತದವರೆಗೆ ಮುಟ್ಟಿಸಬೇಕು" ಎಂದಳು ರಿನಾಯ್.

"ಅಷ್ಟೇನಾ? ನಾನೇನೋ ಕಷ್ಟದ ಕೆಲಸ ಅಂದ್ಕೊಂಡಿದ್ದೆ" ಎಂದ ಉಪೈ, ಕಾಲಿಗಂಟಿದ ಜಿಗಣೆ ಕಿತ್ತು ಎಸೆಯುತ್ತ.

ಬೆಳಕು ಹರಿಯುವಾಗ ಇಬ್ಬರೂ ಬಿದಿರಿನ ತೂಗುಸೇತುವೆ ದಾಟಿದರು. ಒಬ್ಬರ ಹಿಂದೊಬ್ಬರು ಹೋಗಬೇಕಾದ, ಹೆಜ್ಜೆಹೆಜ್ಜೆಗೂ ಓಲಾಡುವ ಸೇತುವೆ. ಮುರಿದ ಕಾಲಿನವನನ್ನು ಅದರ ಮೇಲೆ ಹೊರುವ ಮಾತೇ ಇರಲಿಲ್ಲ.

ಆಚೆಗೆ ಮರ ಸಾಗಿಸುವ ಲಾರಿಗಳ ಹಳೆಯ ರಸ್ತೆ. ಮಳೆ ಅದರ ನಡುವೆ ಆಳುದ್ದದ ಕೊರಕಲು ಕೊರೆದಿತ್ತು. ಎರಡೂ ಬದಿಗೆ ಕಾಡುಶುಂಠಿಯ ಗಿಡಗಳು ತಲೆಯ ಮೇಲೆ ಕೂಡಿಕೊಂಡು, ಅಲುಗಿದರೆ ಸಾಕು, ನೀರು ಸುರಿಸುತ್ತಿದ್ದವು. ಕೆಳಗಿನ ಕಣಿವೆ ತುಂಬ ಮಂಜು ಹಾಲಿನಂತೆ ನಿಂತಿತ್ತು. ಅದರೊಳಗಿಂದ ಬೆಟ್ಟದ ನೆತ್ತಿಗಳು ಮಾತ್ರ ಮೇಲೆದ್ದು ಕಾಣುತ್ತಿದ್ದವು. ಮಂಗಟ್ಟೆ ಹಕ್ಕಿಯ ಜೋಡಿಯೊಂದು ರೆಕ್ಕೆಯ ಸದ್ದು ಮಾಡುತ್ತ ಹಾದುಹೋಯಿತು. ಬೇರೆ ದಿನವಾಗಿದ್ದರೆ ರಿನಾಯ್ ನಿಂತು ನೋಡುತ್ತಿದ್ದಳು. ಈಗ ಅವಳ ಕಣ್ಣೆಲ್ಲ ರಸ್ತೆಯ ಮೇಲಿತ್ತು. ಎಲ್ಲಿ ಗಾಡಿ ಎಡಕ್ಕೆ ಒತ್ತಬೇಕು, ಎಲ್ಲಿ ಕೊರಕಲಿನ ಎರಡೂ ದಡ ತುಳಿದು ಹೋಗಬೇಕು ಎಂದು ಮನಸ್ಸಿನಲ್ಲೇ ಓಡಿಸಿಕೊಂಡು ನಡೆದಳು.

ಜರಿತದ ಬಳಿ ತಲುಪಿದಾಗ ಹೊತ್ತು ಇನ್ನೂ ನೆತ್ತಿಗೆ ಬಂದಿರಲಿಲ್ಲ. ಗುಡ್ಡದ ಒಂದು ಮಗ್ಗುಲು ಮರಗಿಡಗಳ ಸಮೇತ ಕೆಳಗಿಳಿದು, ರಸ್ತೆಯಿದ್ದಲ್ಲಿ ಹಸಿ ಮಣ್ಣಿನ ಇಳಿಜಾರು ಮಾತ್ರ ಉಳಿದಿತ್ತು. ಆಚೆ ತುದಿಯಲ್ಲಿ ಅಗೋಂಗ್ ಮತ್ತು ಮರ ಕಡಿಯುವ ಕ್ಯಾಂಪಿನ ಇಬ್ಬರು ಆಳುಗಳು ಗುದ್ದಲಿ ಹಿಡಿದು ಕಾಲುದಾರಿ ಕಡಿಯುತ್ತಿದ್ದರು.

ರಿನಾಯ್, ಉಪೈ ಬೇರು ಹಿಡಿದು, ಕೈಕಾಲೂರಿ ದಾಟಿ ಹೋದರು.

"ನೋಡು ನಿನ್ನ ಒಡವೆ" ಎಂದು ಅಗೋಂಗ್ ಗೋಣಿ ಬಿಚ್ಚಿದ. ಎಣ್ಣೆಕಾಗದದೊಳಗೆ ಕಪ್ಪಗೆ ಹೊಳೆಯುವ ಎರಡು ಸರಳುಗಳು. ಟೈ ರಾಡ್ ರಿನಾಯ್‌ಳ ಮುಂಗೈಯಷ್ಟು ದಪ್ಪವಿತ್ತು.

"ಇದು ಬಾಗಲ್ಲ ಬಿಡು" ಎಂದಳು ಅವಳು, ತೂಕ ನೋಡುತ್ತ.

"ಬಾಗೋ ಮುಂಚೆ ನಿನ್ನ ಬೆನ್ನು ಬಾಗುತ್ತೆ. ನಾವೂ ಬರ್ಲಾ ಹೊರೋಕೆ?"

"ಬೇಡ. ನೀನು ದಾರಿ ಅಗಲ ಮಾಡು, ಹಗ್ಗ ಕಟ್ಟು. ನಾಳೆ ಇಲ್ಲಿ ಸ್ಟ್ರೆಚರ್ ದಾಟಬೇಕು."

ಎಲೆಯಲ್ಲಿ ಕಟ್ಟಿದ ನುಬಾ ಎಂಬ ಅನ್ನದ ಮುದ್ದೆಯನ್ನು ಒಣಮೀನಿನ ಜೊತೆ ನಿಂತೇ ತಿಂದು ಇಬ್ಬರೂ ಹಿಂತಿರುಗಿದರು. ಟೈ ರಾಡ್ ರಿನಾಯ್‌ಳ ಹೆಗಲ ಮೇಲೆ, ಕೀಲುಗಳ ಚೀಲ ಅವಳ ಬೆನ್ನಿಗೆ. ಡ್ರ್ಯಾಗ್ ಲಿಂಕ್ ಉಪೈ ಹೊತ್ತಿದ್ದ.

ಜರಿತದ ನಡುವೆ ಅವನ ಕಾಲಡಿಯ ಮಣ್ಣು ಸರಿಯಿತು.

ಮೊದಲು ಸದ್ದಿಲ್ಲ. ಆಮೇಲೆ ಉಪೈ ಹೊಟ್ಟೆಯಡಿಯಾಗಿ ಜಾರತೊಡಗಿದ. ಒಂದು ಕೈಯಲ್ಲಿ ಬೇರು ಸಿಕ್ಕಿತ್ತು. ಇನ್ನೊಂದು ಕೈ ಸರಳನ್ನು ಅಪ್ಪಿ ಹಿಡಿದಿತ್ತು. ಬೇರು ಒಂದೊಂದೇ ಎಳೆ ಕಿತ್ತು ಬರುತ್ತಿತ್ತು.

"ಬಿಡು ಅದನ್ನ" ಎಂದಳು ರಿನಾಯ್.

"ಅಕ್ಕಾ, ಇದಿಲ್ದೆ ಗಾಡಿ—"

"ಬಿಡು ಅಂದ್ನಲ್ಲ. ಕೈ ಕೊಡು ಇಲ್ಲಿ."

ಅವಳು ಮಣ್ಣಿಗೆ ಕವುಚಿ ಬಿದ್ದು ತನ್ನ ಟೈ ರಾಡನ್ನೇ ಅವನತ್ತ ಚಾಚಿದಳು. ಉಪೈ ಕಣ್ಣು ಮುಚ್ಚಿ ಡ್ರ್ಯಾಗ್ ಲಿಂಕ್ ಕೈಬಿಟ್ಟ. ಖಾಲಿಯಾದ ಕೈಯಿಂದ ಚಾಚಿದ ಸರಳನ್ನು ಹಿಡಿದ. ಕೆಳಗೆಲ್ಲೋ ಕಬ್ಬಿಣ ಕಲ್ಲಿಗೆ ತಾಗಿ ಠಣ್ಣೆಂದಿತು, ಮತ್ತೆ ಇನ್ನೂ ಕೆಳಗೆ ಇನ್ನೊಮ್ಮೆ. ಆಮೇಲೆ ಏನೂ ಕೇಳಿಸಲಿಲ್ಲ.

ಗಟ್ಟಿ ನೆಲಕ್ಕೆ ಬಂದ ಮೇಲೆ ಉಪೈ ಮೊಣಕಾಲಿಗೆ ತಲೆಯಿಟ್ಟು ಕೂತುಬಿಟ್ಟ. 

"ನಿನ್ನ ಕಳ್ಕೊಂಡು ಸರಳು ತಗೊಂಡು ಹೋದ್ರೆ ನನ್ನ ತಂಗಿ ಅದೇ ಸರಳಲ್ಲಿ ನನಗೆ ಬಾರಿಸ್ತಾಳೆ" ಎಂದಳು ರಿನಾಯ್. "ಏಳು. ಹಳೇದು ಬಾಗಿದೆ, ಮುರಿದಿಲ್ಲ. ಏನಾದ್ರೂ ಮಾಡೋಣ."

ಏನು ಮಾಡುವುದೆಂದು ಅವಳಿಗೂ ಗೊತ್ತಿರಲಿಲ್ಲ. ಹೆಗಲ ಮೇಲಿನ ಭಾರಕ್ಕಿಂತ ಆ ಯೋಚನೆಯೇ ದಾರಿಯುದ್ದಕ್ಕೂ ಹೆಚ್ಚು ತೂಗಿತು.

ಹೊಳೆಗೆ ಬಂದಾಗ ಕತ್ತಲಿಗೆ ಇನ್ನೂ ಮೂರ್ನಾಲ್ಕು ಗಂಟೆಯಿತ್ತು. ರಿನಾಯ್ ಬೆನ್ನಡಿಯಾಗಿ ಗಾಡಿಯಡಿ ತೂರಿದಳು. ಹಳೆಯ ಕೀಲುಗಳ ಪಿನ್ನು ಕಿತ್ತಳು, ನಟ್ಟು ಸಡಿಲಿಸಿದಳು. ಕೀಲು ಮಾತ್ರ ಮಿಸುಕಲಿಲ್ಲ. ಒಂದು ಬದಿಗೆ ಅವಳು, ಇನ್ನೊಂದು ಬದಿಗೆ ಉಪೈ, ಒಟ್ಟಿಗೇ ಸುತ್ತಿಗೆ ಬೀಸಿದರು. ಕೊನೆಗೆ ಟಪ್ಪನೆ ಬಿಟ್ಟುಕೊಂಡಿತು.

ಹೊಸ ಟೈ ರಾಡ್ ತನ್ನ ಜಾಗಕ್ಕೆ ಬಂದು ಕೂತಿತು. ಆದರೆ ಸ್ಟೀರಿಂಗಿನ ಒದೆತ ತಡೆಯುವ ಡ್ಯಾಂಪರನ್ನು ಅದಕ್ಕೆ ಬಿಗಿಯಲಾಗಲಿಲ್ಲ. ಹಳೆಯ ಪಟ್ಟಿ ದಪ್ಪ ಸರಳನ್ನು ಸುತ್ತುವಷ್ಟು ದೊಡ್ಡದಿರಲಿಲ್ಲ.

"ಡ್ಯಾಂಪರ್ ಇಲ್ದೇನೆ ಓಡಿಸ್ತೀಯಾ?" ಎಂದ ಉಪೈ. "ಕಲ್ಲಿಗೆ ತಾಗಿದಾಗಲೆಲ್ಲ ಸ್ಟೀರಿಂಗ್ ಒದೆಯುತ್ತೆ."

"ಎಮ್ಮೆ ಒದ್ರೆ ಹಾಲು ಕರೆಯೋದು ಬಿಡ್ತೀವಾ?"

ಆಮೇಲೆ ಬಾಗಿದ ಡ್ರ್ಯಾಗ್ ಲಿಂಕಿನ ಸರದಿ. ಅದನ್ನು ಮರದ ಕವಲಿಗೆ ಸಿಕ್ಕಿಸಿ, ತುದಿಗೆ ಸರಪಳಿ ಬಿಗಿದು, ಕೈರಾಟೆಯಿಂದ ಇಂಚಿಂಚಾಗಿ ಎಳೆದರು. ಉಪೈ ರಾಟೆಯ ಹಿಡಿಯನ್ನು ಯಾರಿಗೂ ಕೊಡಲಿಲ್ಲ. ಬೆವರು ಮೂಗಿನ ತುದಿಯಿಂದ ಇಳಿಯುತ್ತಿದ್ದರೂ ಒರೆಸಿಕೊಳ್ಳಲಿಲ್ಲ. ಸರಳು ನೆಟ್ಟಗಾಯಿತು. ರಿನಾಯ್ ಬಾಗಿದ್ದ ಜಾಗವನ್ನು ಬೆರಳಿನಿಂದ ಸವರಿ ತಲೆಯಾಡಿಸಿದಳು.

"ಒಂದ್ಸಲ ಬಾಗಿದ್ದು ಅಲ್ಲೇ ಮತ್ತೆ ಬಾಗುತ್ತೆ. ಹೊಳೆ ನಡುವೆ ಕೈಕೊಟ್ರೆ ಮಾಮನ ಸಮೇತ ಕೊಚ್ಚಿಕೊಂಡು ಹೋಗ್ತೀವಿ."

ಗುಡಿಸಲಿನೊಳಗಿಂದ ಯುದಾನ್ ಎಲ್ಲ ನೋಡುತ್ತಿದ್ದ. ನೋವಿಗೆ ಅವನ ತುಟಿ ಬಿಳಚಿತ್ತು.

"ಮಗಳೇ, ನನ್ನ ಕಾಲಿಗೆ ಕಟ್ಟಿದ ಹಾಗೆ ಅದಕ್ಕೂ ಕಟ್ಟಿ. ಒಂದೇ ಗಾಡೀಲಿ ಇಬ್ರು ರೋಗಿಗಳು ಹೋಗ್ತೀವಿ."

ತಮಾಷೆಗೆ ಹೇಳಿದ ಮಾತು. ಆದರೆ ರಿನಾಯ್ ಸುಕೊಬ್‌ಳ ಮುಖ ನೋಡಿದಳು. ಸುಕೊಬ್ ಎದ್ದು ಬಂದು ಸರಳನ್ನು ಕೈಗೆತ್ತಿಕೊಂಡಳು.

"ಗುಡಿಸಲಿನ ಕಂಬ ಗಟ್ಟಿಮರದ್ದು. ಸೀಳಿ ಕೊಡಿ, ನಾನು ಬಿಗೀತೀನಿ" ಎಂದಳು. ಬುಟ್ಟಿ ಹೆಣೆಯುವುದರಲ್ಲಿ ಅವಳ ಕೈ ಪಳಗಿದ್ದು. ಕಬ್ಬಿಣದಷ್ಟು ಗಡಸಾದ ಸೀಳುಗಳನ್ನು ಸರಳಿನ ಸುತ್ತ ಜೋಡಿಸಿ, ಮೊದಲು ತಂತಿ, ಅದರ ಮೇಲೆ ನೆನೆಸಿದ ಬೆತ್ತ ಸುತ್ತಿದಳು. ಪ್ರತಿ ಸುತ್ತನ್ನೂ ಪಾದದಿಂದ ಒತ್ತಿ ಹಿಡಿದು, ಹಲ್ಲು ಕಚ್ಚಿ ಎಳೆದಳು. ಆ ಗಳಿಗೆಯಲ್ಲಿ ಅವಳ ಕಣ್ಣು ತುಂಬಿದ್ದನ್ನು ರಿನಾಯ್ ಮಾತ್ರ ಕಂಡಳು. ಕಂಡೂ ಕಾಣದ ಹಾಗೆ ಬೆತ್ತದ ತುದಿ ಹಿಡಿದುಕೊಂಡಳು.

ಕತ್ತಲಾಗುವ ಮೊದಲು ಡ್ರ್ಯಾಗ್ ಲಿಂಕ್ ಹೊಸ ಕೀಲುಗಳೊಂದಿಗೆ ತನ್ನ ಜಾಗ ಸೇರಿತು. ಬಿದಿರು ಕಡ್ಡಿಯಿಂದ ಎರಡು ಚಕ್ರಗಳ ನಡುವಿನ ಅಂತರ ಹಿಂದೆ ಮುಂದೆ ಅಳೆದು, ಟೈ ರಾಡ್ ತಿರುಗಿಸಿ ಸರಿಪಡಿಸಿದರು. ಚಕ್ರಗಳು ಈಗ ಒಂದೇ ಕಡೆಗೆ ನೋಡುತ್ತಿದ್ದವು.

ಬೆಳಿಗ್ಗೆ ಹೊಳೆ ತುಸು ಇಳಿದಿತ್ತು. ಯುದಾನನನ್ನು ಹಾಸಿಗೆ ಸಮೇತ ಹಿಂದೆ ಮಲಗಿಸಿ, ಸುಕೊಬ್ ಅವನ ಪಕ್ಕ ಕೂತಳು. ಎಲ್ಲರೂ ತಲೆಬಾಗಿಸಿ ಚಿಕ್ಕದೊಂದು ಪ್ರಾರ್ಥನೆ ಮಾಡಿದರು. ಉಪೈ ಸೊಂಟಮಟ್ಟದ ನೀರಿನಲ್ಲಿ ಕೋಲೂರಿಕೊಂಡು ಮುಂದೆ ನಡೆದ, ಬಂಡೆಗಳನ್ನು ತಡಕುತ್ತ.

"ಎಡಕ್ಕೆ! ಇನ್ನೂ ಎಡಕ್ಕೆ ಬಾ!"

ರಿನಾಯ್ ಹೆಬ್ಬೆರಳುಗಳನ್ನು ಸ್ಟೀರಿಂಗಿನ ಹೊರಗಿಟ್ಟುಕೊಂಡು ಅಂಗೈಯಿಂದಷ್ಟೇ ಹಿಡಿದಳು. ಒಳಗೆ ಸಿಕ್ಕಿಸಿಕೊಂಡರೆ ಒದೆತಕ್ಕೆ ಮುರಿದೇ ಹೋಗುತ್ತವೆ. ನೀರು ಬಾಗಿಲಿಗೆ ಬಡಿಯಿತು. ನಡುಹೊಳೆಯಲ್ಲಿ ಬಲಚಕ್ರ ಕಲ್ಲಿಗೆ ಏರಿತು.

ಸ್ಟೀರಿಂಗ್ ಅವಳ ಕೈಯಿಂದ ಕಿತ್ತುಕೊಂಡು ಗಿರ್ರನೆ ತಿರುಗಿತು.

ಗಾಡಿ ಹೊಳೆ ಹರಿಯುವ ಕಡೆಗೆ ವಾಲಿತು. ಹಿಂದೆ ಯುದಾನ್ ಕೂಗಿದ. ರಿನಾಯ್ ಇಡೀ ಮೈಭಾರ ಹಾಕಿ ಸ್ಟೀರಿಂಗನ್ನು ಮತ್ತೆ ಎಡಕ್ಕೆ ಎಳೆದಳು. ಕೆಳಗಿನಿಂದ ಕಿರ್ ಕಿರ್ ಸದ್ದು, ಒದ್ದೆ ಬೆತ್ತ ಬಿಗಿಯುವ ಸದ್ದು. ಇನ್ನೇನು ಹೋಯಿತು ಎಂದುಕೊಂಡಳು.

ಹೋಗಲಿಲ್ಲ. ಚಕ್ರ ಎಡಕ್ಕೆ ತಿರುಗಿತು, ಕಲ್ಲಿನಿಂದ ಇಳಿಯಿತು, ಮರಳು ಕಚ್ಚಿತು. ಗಾಡಿ ಮೈತುಂಬ ನೀರು ಸುರಿಸುತ್ತ ಆಚೆ ದಂಡೆ ಏರಿತು.

ಉಪೈ ಒದ್ದೆಮೈಯಲ್ಲೇ ಅಡಿಗೆ ತೂರಿ ನೋಡಿದ. "ಸುಕೊಬ್ ಅತ್ತೆ ಕಟ್ಟಿದ ಗಂಟು ಒಂದೂ ಸಡಿಲ ಆಗಿಲ್ಲ" ಎಂದ.

ಉಳಿದ ದಾರಿ ಪೂರ್ತಿ ಸ್ಟೀರಿಂಗ್ ಅವಳನ್ನು ಒದೆಯುತ್ತಲೇ ಇತ್ತು. ಕೊರಕಲಿನ ದಡದ ಮೇಲೆ ಆಮೆಯಂತೆ ತೆವಳಿದರು. ಎರಡು ಕಡೆ ಉಪೈ ಇಳಿದು ಕಲ್ಲು ತುಂಬಿಸಿದ. ಜರಿತದ ಬಳಿ ಅಗೋಂಗ್‌ನ ಆಳುಗಳು ಸ್ಟ್ರೆಚರ್ ಹಿಡಿದು ಕಾದಿದ್ದರು. ದಾರಿ ಅಗಲವಾಗಿತ್ತು, ಬಿಗಿಯಾಗಿ ಹಗ್ಗ ಕಟ್ಟಿತ್ತು. ಒಬ್ಬರ ಹೆಜ್ಜೆಗೆ ಇನ್ನೊಬ್ಬರು ಹೆಜ್ಜೆ ಸೇರಿಸಿ, ಉಸಿರು ಬಿಗಿಹಿಡಿದು ಯುದಾನನನ್ನು ದಾಟಿಸಿದರು. ನಿನ್ನೆ ಜಾರಿದ ಜಾಗದಲ್ಲಿ ಉಪೈ ಸ್ಟ್ರೆಚರಿನ ಕೆಳಬದಿಗೆ ತಾನೇ ನಿಂತ.

ಅಗೋಂಗ್‌ನ ಗಾಡಿ ಹತ್ತುವ ಮುನ್ನ ಸುಕೊಬ್ ರಿನಾಯ್‌ಳ ಎರಡೂ ಕೈ ಹಿಡಿದುಕೊಂಡಳು. ಆಮೇಲೆ ಒಳಗೆ ಕೂತು ಗಂಡನ ಪಾದವನ್ನು ಮತ್ತೆ ಮಡಿಲಿಗೆಳೆದುಕೊಂಡಳು.

ದಿಬ್ಬದ ಒಂಟಿ ಮರದವರೆಗೆ ಹಿಂತಿರುಗುವಷ್ಟರಲ್ಲಿ ಮಧ್ಯಾಹ್ನ ಕಳೆದಿತ್ತು. ಅಲ್ಲೇ ಕಾದು ಕುಳಿತರು. ಬಹಳ ಹೊತ್ತಿನ ಮೇಲೆ ಫೋನು ಸದ್ದು ಮಾಡಿತು. ಆಸ್ಪತ್ರೆ ಸೇರಿದೆವು, ರಕ್ತ ಪಾದದವರೆಗೆ ಹರಿಯುತ್ತಿದೆ ಎಂದಿದ್ದಾರೆ ಡಾಕ್ಟರು, ಕಾಲು ಉಳಿಯುತ್ತದಂತೆ ಎಂದು ಅಗೋಂಗ್ ಬರೆದಿದ್ದ. ಉಪೈ ಅದನ್ನು ಎರಡು ಸಲ ಗಟ್ಟಿಯಾಗಿ ಓದಿದ. ಆಮೇಲೆ ಆಚೆ ತಿರುಗಿ, ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ.

ಇಳಿದಿದ್ದ ಹೊಳೆಯನ್ನು ಮರುದಿನ ಬೆಳಿಗ್ಗೆ ದಾಟಿ ಊರು ಸೇರಿದರು. ಇಂಜಿನ್ನಿನ ಸದ್ದಿಗೆ ಜನ ಗದ್ದೆ ಬಿಟ್ಟು ಓಡಿ ಬಂದರು. ಕೆಲವರು ಗಾಡಿಯಡಿ ಬಗ್ಗಿ ಬೆತ್ತದ ಕಟ್ಟು ಮುಟ್ಟಿ ನೋಡಿದರು. ರಿನಾಯ್‌ಳ ತಂಗಿ ಬುಲಾನ್ ಇಬ್ಬರನ್ನೂ ಜಗುಲಿಯಲ್ಲಿ ಕೂರಿಸಿ ಬಿಸಿ ಗಂಜಿ ತಂದಿಟ್ಟಳು. ಉಪೈ ನೆರೆದವರಿಗೆ ಆಗಲೇ ಕತೆ ಹೇಳತೊಡಗಿದ್ದ.

"ಆ ಕಣಿವೆ ಎಷ್ಟು ಆಳ ಅಂತೀರಾ? ಸರಳು ಬಿದ್ದ ಸದ್ದು ಇನ್ನೂ ಕೇಳ್ತಾನೇ ಇದೆ" ಎನ್ನುತ್ತಿದ್ದ.

ರಿನಾಯ್ ತಿದ್ದಲು ಹೋಗಲಿಲ್ಲ. ಚಮಚ ಎತ್ತಲು ನೋಡಿದಳು; ಸ್ಟೀರಿಂಗಿನ ಒದೆತಕ್ಕೆ ಬಾತ ಬೆರಳುಗಳು ಮಡಚಲಿಲ್ಲ, ಚಮಚ ಬಟ್ಟಲಿಗೆ ಬಿತ್ತು. ಬುಲಾನ್ ಗಂಡನ ಮಾತು ಕೇಳುತ್ತಲೇ ಅಕ್ಕನ ಪಕ್ಕ ಸರಿದು ಕೂತು, ಬಟ್ಟಲನ್ನು ಎತ್ತಿ ಅವಳ ತುಟಿಗೆ ಹಿಡಿದಳು.

"ಕುಡಿ, ಬಿಸಿ ಇದೆ" ಎಂದಳು.

ರಿನಾಯ್ ಕಣ್ಣು ಮುಚ್ಚಿ ಪೂರ್ತಿ ಕುಡಿದಳು.