ಬಾನತೆರೆ ಹರಿದ ಕಾಲ

ಬಲು ಹಿಂದೆ, ನಮ್ಮ ಅಜ್ಜಂದಿರ ಅಜ್ಜಂದಿರೂ ಹುಟ್ಟುವ ಮೊದಲು, ಹೊಂಬಯಲು ಎಂಬ ರಾಜ್ಯವಿತ್ತು. ಆ ರಾಜ್ಯದ ಬಾನಿಗೆ ಒಂದು ತೆರೆ ಇತ್ತು. ಕಣ್ಣಿಗೆ ಕಾಣದಷ್ಟು ತೆಳುವಾದ ತೆರೆ. ಬಿಸಿಲಿನಲ್ಲಿ ಬೆಳಕೂ ಇರುತ್ತದೆ, ಮೈ ಕಣ್ಣು ಚುಚ್ಚುವ ಸೂಜಿಗಳೂ ಇರುತ್ತವೆ. ತೆರೆ ಸೂಜಿಗಳನ್ನು ತಡೆದು ಬೆಳಕನ್ನಷ್ಟೇ ಕೆಳಗೆ ಬಿಡುತ್ತಿತ್ತು. ಹಗಲಿಡೀ ದುಡಿಯುವ ಈ ತೆರೆಗೆ ಆ ಜನ ಒಂದು ದಿನವೂ ಕೈಮುಗಿದವರಲ್ಲ. ಕಾಣದ್ದನ್ನು ನೆನೆಯುವ ಅಭ್ಯಾಸ ಯಾರಿಗೆ ತಾನೆ ಇದೆ?

ಒಮ್ಮೆ ಶೈತ್ಯಕೇತು ಎಂಬ ಮಾಂತ್ರಿಕ ಅಲ್ಲಿಗೆ ಬಂದ. ಅವನ ಕೈಯಲ್ಲಿ ಎರಡು ಪದರದ ಮಣ್ಣಿನ ಕೊಡ. ಪದರಗಳ ನಡುವೆ ಒಂದು ತಣ್ಣನೆಯ ಉಸಿರನ್ನು ಮಂತ್ರ ಹಾಕಿ ಮುಚ್ಚಿದ್ದ. ಆ ಕೊಡದಲ್ಲಿಟ್ಟ ಹಾಲು ಎಂಟು ದಿನ ಕೆಡುತ್ತಿರಲಿಲ್ಲ. ಜ್ವರದ ಮಕ್ಕಳಿಗೆ ಅದರ ನೀರೇ ಅಮೃತ. "ಈ ಉಸಿರಿನಿಂದ ಕೇಡೇನೂ ಇಲ್ಲವೆ?" ಎಂದು ಅರಸ ಧರಣೀಕಾಂತ ಕೇಳಿದ. ಮಾಂತ್ರಿಕ ಪಾರಿವಾಳದ ಗೂಡಿನ ಮುಂದೆಯೇ ಒಂದು ಕೊಡ ಒಡೆದ. ಪಾರಿವಾಳ ಗುಟುರು ಹಾಕಿತು, ಅಷ್ಟೆ. ಸಭೆ ತಲೆದೂಗಿತು. ವರ್ಷ ಕಳೆಯುವುದರೊಳಗೆ ತಂಪಿನ ಕೊಡವಿಲ್ಲದ ಮನೆ ಇರಲಿಲ್ಲ.

ಆ ರಾಜ್ಯದಲ್ಲೊಂದು ಪದ್ಧತಿ. ವರ್ಷದ ಕೊನೆಯ ದಿನ ಹಳೆಯ ಮಡಕೆಗಳನ್ನೆಲ್ಲ ಊರ ಗಡಿಗೆ ಒಯ್ದು ಒಡೆಯುವುದು, ಹಳೆಯ ವರ್ಷದ ಪೀಡೆ ಅಲ್ಲಿಗೇ ತೊಲಗಲಿ ಎಂದು. ತಂಪಿನ ಕೊಡಗಳನ್ನೂ ಹಾಗೆಯೇ ಒಡೆದರು. ಒಡೆದಾಗಲೆಲ್ಲ ಒಳಗಿನ ಉಸಿರು ಸದ್ದಿಲ್ಲದೆ ಮೇಲೆ ಹೋಯಿತು. ಜನ ಹೊಸ ಕೊಡ ತಂದು ಹೋಳಿಗೆ ಉಂಡರು.

ಇಪ್ಪತ್ತು ವರ್ಷ ಹೀಗೇ ನಡೆಯಿತು. ಕೇಡು ಮೊದಲು ತಿಳಿದದ್ದು ದೇಮವ್ವನಿಗೆ. ಅವಳು ಬಟ್ಟೆಗೆ ಬಣ್ಣ ಹಾಕುವವಳು. ಬೆಳಿಗ್ಗೆ ಒಣಹಾಕಿದ ಕೆಂಪು ಸೀರೆ ಮಧ್ಯಾಹ್ನಕ್ಕೆ ಬಿಳಿಚಿಕೊಳ್ಳತೊಡಗಿತು. "ಬಣ್ಣದಾಗ ನೀರು ಬೆರಸ್ತಾಳ" ಎಂದು ಜನ ಅವಳನ್ನೇ ದೂರಿದರು. ಆಮೇಲೆ ಕುರಿಗಳ ಕಣ್ಣಿಗೆ ಪೊರೆ ಬಂತು. ಕೆರೆಯ ಮೀನುಮರಿಗಳು ಸತ್ತು ತೇಲಿದವು. ಪೈರಿನ ತುದಿ ಸುಟ್ಟಿತು, ಹೊಲದಲ್ಲಿ ದುಡಿಯುವವರ ಮೈಮೇಲೆ ಮಾಯದ ಹುಣ್ಣುಗಳೆದ್ದವು. ಆಗ ಯಾರೂ ದೇಮವ್ವನನ್ನು ದೂರಲಿಲ್ಲ. ಅಷ್ಟರಲ್ಲಿ ಅವಳ ಒಬ್ಬಳೇ ಮಗಳು ತುಂಗೆಯ ಎಡಗಣ್ಣು ಹೋಗಿತ್ತು. ಬಿಸಿಲಲ್ಲಿ ಬಟ್ಟೆ ಹರವುತ್ತಿದ್ದವಳು ಅವಳೇ. ಬಲಗಣ್ಣಿಗೂ ಪೊರೆ ಇಳಿಯುತ್ತಿತ್ತು.

"ಬಾನತೆರೆ ಹರಿದಿದೆ," ಎಂದ ಊರ ವೈದ್ಯ. "ಆ ತಂಪಿನ ಕೊಡಗಳದೇ ಕೇಡಿರಬೇಕು. ತೆಂಕಣ ದಿಕ್ಕಿನ ಕೊನೆಯಲ್ಲಿ ಹಿಮದ ಬೆಟ್ಟವಿದೆ. ಅದರ ತುದಿಯಲ್ಲಿ ತೆರೆ ಕೈಗೆಟಕುತ್ತದಂತೆ. ಅಲ್ಲಿನ ಬಾಗಿಲನ್ನು ಒಂದು ಬಿಳಿ ಹಕ್ಕಿ ಕಾಯುತ್ತದೆ."

ದೇಮವ್ವ ಮಗಳನ್ನು ಕತ್ತಲೆಕೋಣೆಯಲ್ಲಿ ಕೂರಿಸಿ, ಸೆರಗಿಗೆ ಸೂಜಿ ದಾರ ಕಟ್ಟಿಕೊಂಡು ಹೊರಟಳು. ಮೂರು ತಿಂಗಳು ನಡೆದು ಹಿಮದ ಬೆಟ್ಟ ಹತ್ತಿದಳು. ಗುಡ್ಡದಷ್ಟು ದೊಡ್ಡ ಹಕ್ಕಿ ಬಾಗಿಲಿಗೆ ಅಡ್ಡ ಕೂತಿತ್ತು.

"ತೆರೆ ಹರಿದವರು ಯಾರು?" ಎಂದಿತು ಹಕ್ಕಿ.

"ಶೈತ್ಯಕೇತು. ಮತ್ಯಾರು?"

ಹಕ್ಕಿ ಕಣ್ಣು ಮುಚ್ಚಿತು. ಬಾಗಿಲು ತೆರೆಯಲಿಲ್ಲ. ಅಂದು ಇಡೀ ಹಗಲು ತೆರೆಯ ತೂತಿನ ಕೆಳಗೆ ಬರಿಯ ಬಿಸಿಲಲ್ಲಿ ನಿಂತು ಅವಳ ತೋಳುಗಳ ಮೇಲೆ ಬೊಬ್ಬೆಗಳೆದ್ದವು.

ಎರಡನೆಯ ಬೆಳಿಗ್ಗೆ ಹಕ್ಕಿ ಅದನ್ನೇ ಕೇಳಿತು.

"ಅವನ್ನ ಊರಾಗ ಬಿಟ್ಟುಕೊಂಡ ಅರಸ," ಎಂದಳು.

ಬಾಗಿಲು ತೆರೆಯಲಿಲ್ಲ. ಅವಳ ಮುಖದ ಚರ್ಮ ಸುಲಿಯಿತು.

ಮೂರನೆಯ ಬೆಳಿಗ್ಗೆ ಹಕ್ಕಿ ಮತ್ತೆ ಅದನ್ನೇ ಕೇಳಿತು. ದೇಮವ್ವ ಬೊಬ್ಬೆ ಎದ್ದ ತನ್ನ ತೋಳುಗಳನ್ನು ನೋಡಿಕೊಂಡಳು.

"ನಾನೂ ಹರದೀನಿ," ಎಂದಳು ಕೊನೆಗೆ. "ಇಪ್ಪತ್ತು ವರ್ಷದಾಗ ಇಪ್ಪತ್ತು ಕೊಡ ಗಡಿಗೆ ಒಯ್ದು ಒಡದೀನಿ. ಅದರಾಗ ಎರಡು ನನ್ನ ಮಗಳ ಕೈಲೆ ಒಡಸೀನಿ. ಆಕಿ ಚಪ್ಪಾಳಿ ಹೊಡದು ನಕ್ಕಿದ್ಲು."

ಹಕ್ಕಿ ಪಕ್ಕಕ್ಕೆ ಸರಿಯಿತು.

ಒಳಗೆ ತೆರೆ ತೂಗುತ್ತಿತ್ತು, ನಡುವೆ ಒಂದು ರಾಜ್ಯದಷ್ಟು ತೂತು. ತೂತಿನ ಅಂಚಿಗೆಲ್ಲ ಆ ತಣ್ಣನೆಯ ಉಸಿರುಗಳು ನುಸಿಗಳಂತೆ ಮುತ್ತಿ ಎಳೆ ಎಳೆಯಾಗಿ ಕಡಿಯುತ್ತಿದ್ದವು. ದೇಮವ್ವ ಸೂಜಿ ತೆಗೆದಳು.

"ಇದು ಹೊಲಿಯುವ ತೆರೆಯಲ್ಲ," ಎಂದಿತು ಹಕ್ಕಿ. "ಬಿಸಿಲೇ ಇದನ್ನು ದಿನವೂ ನೇಯುತ್ತದೆ. ಒಂದೊಂದು ಉಸಿರು ಲಕ್ಷ ಎಳೆ ತಿಂದರೂ ಸಾಯುವುದಿಲ್ಲ. ಹೊಸ ಉಸಿರು ಬರುವುದು ನಿಲ್ಲಲಿ. ಇರುವವು ಮುದಿಯಾಗಿ ಉದುರಲಿ. ಆಗ ತೆರೆ ತಾನಾಗಿ ಕೂಡುತ್ತದೆ."

"ಎಷ್ಟು ದಿನಕ್ಕ?"

"ಇಂದು ಹುಟ್ಟಿದ ಕೂಸಿನ ತಲೆ ನರೆಯುವ ಹೊತ್ತಿಗೆ."

ದೇಮವ್ವ ಅಲ್ಲೇ ಕುಸಿದು ಕೂತು ಅತ್ತಳು. ತುಂಗೆಯ ಕಣ್ಣಿಗೆ ಅಷ್ಟು ಕಾಲವಿರಲಿಲ್ಲ. ಆಮೇಲೆ ಕಣ್ಣೊರೆಸಿಕೊಂಡು ಬೆಟ್ಟ ಇಳಿದಳು.

ಊರು ಸೇರಿದಾಗ ಅರಮನೆಯ ಮುಂದೆ ರಾಜ್ಯದ ಕೊಡಗಳೆಲ್ಲ ರಾಶಿ ಬಿದ್ದಿದ್ದವು. ಕೇಡಿನ ಮೂಲ ಈ ಕೊಡಗಳೇ ಎಂದು ಅಷ್ಟರಲ್ಲಿ ಪಂಡಿತರು ಅರಸನಿಗೆ ಹೇಳಿದ್ದರು. ಸೈನಿಕರು ಸುತ್ತಿಗೆ ಹಿಡಿದು ನಿಂತಿದ್ದರು.

"ಒಡೆಸಿಬಿಡಿ ಪ್ರಭು," ಎನ್ನುತ್ತಿದ್ದ ಶೈತ್ಯಕೇತು. "ಹಳೆಯವೆಲ್ಲ ಹೋಗಲಿ. ಕೇಡಿಲ್ಲದ ಹೊಸ ಕೊಡ ನಾನೇ ಕೊಡುತ್ತೇನೆ."

ದೇಮವ್ವ ಓಡಿ ಬಂದು ಆ ರಾಶಿಗೆ ಮೈ ಅಡ್ಡ ಕೊಟ್ಟಳು. "ಒಡೀಬ್ಯಾಡ್ರಿ. ಒಡದೇ ನಾವು ಹಾಳಾಗೇವಿ. ಇಷ್ಟೂ ಉಸಿರು ಒಮ್ಮೆಲೆ ಮ್ಯಾಲ ಹೋದ್ರ ತೆರಿ ಅನ್ನೋದ ಉಳಿಯಂಗಿಲ್ಲ."

ಕಂಡದ್ದನ್ನೆಲ್ಲ ಹೇಳಿದಳು. ಅರಸ ಕೇಳಿ ಮೆಲ್ಲಗೆ ನುಡಿದ: "ಹಾಗಾದರೆ ತೆರೆ ಕೂಡುವುದನ್ನು ನಾನು ನೋಡುವುದಿಲ್ಲ."

"ನಾನೂ ನೋಡಂಗಿಲ್ಲ, ದೊರೆ."

ಮಾಂತ್ರಿಕ ನಕ್ಕ. "ತಾವು ಕಾಣದ ನಾಳೆಗಾಗಿ ಇಂದು ಬೆವರುವವರು ಯಾರಿದ್ದಾರೆ?"

ಅರಸನೇನೂ ಮಹಾತ್ಮನಲ್ಲ. ತಂಪು ಪಾನಕವಿಲ್ಲದೆ ಅವನಿಗೆ ಊಟ ಸೇರುತ್ತಿರಲಿಲ್ಲ. ಆದರೂ ಅವನು ಒಳಗೆ ಹೋಗಿ, ತನ್ನ ಕೊಡವನ್ನು ಕೂಸಿನಂತೆ ಎತ್ತಿಕೊಂಡು ಬಂದು ರಾಶಿಯ ಪಕ್ಕದಲ್ಲಿ ಮೆತ್ತಗೆ ಇಳಿಸಿದ. ಸೈನಿಕರು ಸುತ್ತಿಗೆ ಕೆಳಗಿಟ್ಟರು. "ನಮಗೂ ಹೊಸ ಕೊಡ ಬ್ಯಾಡ" ಎಂದಳು ಒಬ್ಬ ಬಾಣಂತಿ. ಬ್ಯಾಡ, ಬ್ಯಾಡ ಎಂದು ಊರೆಲ್ಲ ಹೇಳಿತು.

ಶೈತ್ಯಕೇತುವಿನ ಶಕ್ತಿಯೆಲ್ಲ ಜನರ ಬೇಕುಗಳಲ್ಲಿತ್ತು. ಬೇಡ ಎಂದವರು ಹೆಚ್ಚಿದಂತೆ ಅವನ ಮೈಯ ತಂಪು ಕರಗಿತು, ಎಲ್ಲರೆದುರು ಅವನು ಬೆವೆತು ನಿಂತ ಬರಿಯ ಮುದುಕನಾದ. ಅರಸ ಅವನನ್ನು ಕೊಲ್ಲಲಿಲ್ಲ. ಒಂದೊಂದೇ ಕೊಡದ ಉಸಿರನ್ನು ತಿರುಗು ಮಂತ್ರ ಹೇಳಿ ಕಲ್ಲಾಗಿಸುವ ಕೆಲಸಕ್ಕೆ ಹಚ್ಚಿದ. ಕೊನೆಯ ಕೊಡ ಮುಗಿಯುವವರೆಗೆ ಅವನಿಗೆ ಸಾವೂ ಬರಲಿಲ್ಲ.

ಮನೆಯಲ್ಲಿ ತುಂಗೆ ಕೇಳಿದಳು, "ಅವ್ವಾ, ನನ್ನ ಕಣ್ಣು ಬರ್ತದೇನ?"

"ಇಲ್ಲ ಮಗಳ."

"ಮತ್ತ ಅಷ್ಟು ದೂರ ಹೋಗಿ ಏನು ತಂದಿ?"

ದೇಮವ್ವ ಮಗಳ ತಲೆಯನ್ನು ಎದೆಗೆ ಒತ್ತಿಕೊಂಡಳು.

ತುಂಗೆ ನೆರಳಿನಲ್ಲೇ ಬದುಕಿದಳು. ಬಲಗಣ್ಣಿನ ಅರೆಬೆಳಕು ಹೇಗೋ ಉಳಿಯಿತು. ಮದುವೆಯಾಯಿತು, ಮಕ್ಕಳಾದವು. ದೇಮವ್ವ ತೀರಿಕೊಂಡಳು, ಅರಸ ತೀರಿಕೊಂಡ. ವರ್ಷ ವರ್ಷ ತೂತು ಇಷ್ಟಿಷ್ಟೇ ಕಿರಿದಾಯಿತು. ಯಾವ ದಿನ ಪೂರ್ತಿ ಮುಚ್ಚಿತೋ ಯಾರಿಗೂ ತಿಳಿಯಲಿಲ್ಲ.

ತುಂಗೆಯ ತಲೆ ನರೆತಿತ್ತು. ಒಂದು ನಡುಹಗಲು ಅವಳ ಮೊಮ್ಮಗಳು ಅಂಗಳದಲ್ಲಿ ಬರಿತಲೆಯಲ್ಲಿ ಕುಂಟಬಿಲ್ಲೆ ಆಡುತ್ತಿದ್ದಳು. ತುಂಗೆ ಗಾಬರಿಯಿಂದ ಕೂಗಿದಳು: "ಒಳಗ ಬಾರವ್ವ, ಕಣ್ಣು ಹೋಗ್ತಾವ."

"ಬಿಸಿಲಿಗೆ ಯಾರದರ ಕಣ್ಣು ಹೋಗ್ತಾವೇನಜ್ಜಿ?" ಎಂದು ಹುಡುಗಿ ನಕ್ಕು ಆಟಕ್ಕೆ ಮರಳಿದಳು.

ತನ್ನ ಅವ್ವ ಅಷ್ಟು ದೂರ ಹೋಗಿ ಏನು ತಂದಳೆಂದು ತುಂಗೆಗೆ ಅಂದು ತಿಳಿಯಿತು. ಅವಳೂ ಹೊಸಿಲು ದಾಟಿ ಬಿಸಿಲಿಗೆ ಬಂದು ಕೂತಳು. ಹೊಂಬಯಲಿನ ಮಕ್ಕಳು ಇಂದಿಗೂ ನಡುಹಗಲಲ್ಲಿ ಆಡಿಕೊಂಡು ಸುಖವಾಗಿದ್ದಾರೆ.